ಆಷಾಢ ಮುಗಿದ ಮೇಲೆ

ಮದುವೆಯಾದ ಮೊದಲ ಆಷಾಢಕ್ಕೆ ತವರಿಗೆ ಬಂದಿದ್ದ ಮಗಳು ಮರುದಿನ ಗಂಡನ ಮನೆಗೆ ಹೊರಡಬೇಕಿತ್ತು. ತಾಯಿ ಸೀರೆ ಮಡಿಸಿ ಸೂಟ್‌ಕೇಸಿಗೆ ಹಾಕಿದರೆ, ಅವಳು ಅದನ್ನೇ ಹೊರತೆಗೆದು ಮತ್ತೆ ಮಡಿಸುತ್ತಿದ್ದಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

“ಇನ್ನೊಂದು ವಾರ ಬಿಟ್ಟು ಹೋಗ್ಲಾಮ್ಮ?”

“ಯಾಕೆ, ಹೊಡೀತಾನಾ?”

“ಛೇ, ಇಲ್ಲ.”

“ಕುಡೀತಾನಾ? ಬೇರೆ ಯಾರಾದ್ರೂ ಇದಾಳಾ?”

“ಅಯ್ಯೋ, ಅಂಥವನಲ್ಲಮ್ಮ. ನನಗೆ ಅವನಂದ್ರೆ ಪ್ರಾಣ.”

“ಮತ್ತೇನೇ ನಿನ್ನ ಸಂಕಟ?”

ಮಗಳು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು.

“ಅವನಿಗಾಗೋ ಆಸೆ ನನಗಾಗಲ್ಲಮ್ಮ. ಆಗೋದೇ ಇಲ್ಲ ಅಂತಲ್ಲ, ಯಾವಾಗಲೋ ಅಪರೂಪಕ್ಕೊಮ್ಮೆ. ನನ್ನಂಥವರು ಬೇಕಾದಷ್ಟು ಜನ ಇದಾರಂತೆ, ಗ್ರೇಸೆಕ್ಷುವಲ್ ಅಂತಾರಂತೆ. ಅದು ರೋಗ ಅಲ್ವಂತೆ. ಆದ್ರೆ ಅವನಿಗೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಈ ಆಷಾಢ ಮುಗೀಲೇಬಾರದಿತ್ತು ಅನ್ಸುತ್ತೆ.”

ಇನ್ನು ಬೈಗುಳವೇ ಗತಿ ಎಂದು ಅವಳು ತಲೆ ತಗ್ಗಿಸಿ ನಿಂತಳು. ತಾಯಿ ಬೈಯಲಿಲ್ಲ. ಅರ್ಧ ಮಡಿಸಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ತನ್ನ ಗಂಡನನ್ನು ಕಿಟಕಿಯಿಂದ ಬಹಳ ಹೊತ್ತು ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಆಷಾಢಕ್ಕೆ ಮೊದಲ ವರ್ಷ ಮಾತ್ರ ಯಾಕೆ ತವರಿಗೆ ಕಳಿಸ್ತಾರೋ, ಪ್ರತಿ ವರ್ಷ ಯಾಕೆ ಕಳಿಸಲ್ವೋ ಅಂತ ಎಲ್ಲ ಹೆಂಗಸರೂ ಒಳಗೊಳಗೇ ಕೊರಗ್ತಾರೆ ಅಂದ್ಕೊಂಡಿದ್ನಲ್ಲೇ… ಹಾಗಲ್ವೇನೇ?”