ಹೋಲಿಕೆಗೆ ತೆಗೆದ ರಕ್ತ

ಏಳು ಸಹಿಗಳಲ್ಲಿ ಆರು ಬಿದ್ದಾಗಿತ್ತು. ಏಳನೆಯವರಾದ ಡಾಕ್ಟರಮ್ಮ ಪೆನ್ನಿನ ಮುಚ್ಚಳವನ್ನೇ ತೆಗೆಯದೆ ಕೂತಿದ್ದರು. ಸಲಹಾ ಮಂಡಳಿಯ ಅಧ್ಯಕ್ಷರಿಗೆ ಒಳಗೊಳಗೇ ಮೈ ಉರಿಯಿತು. ನಲವತ್ತು ವರ್ಷ ರಸಾಯನಶಾಸ್ತ್ರದ ಪಾಠ ಹೇಳಿದ ಮೇಷ್ಟ್ರು ಅವರು. ನಿನ್ನೆ ಮೊನ್ನೆ ಮಂಡಳಿಗೆ ಬಂದವರು ತಮ್ಮ ವರದಿ ತಿದ್ದಲು ಕೂತರೆ ಹೇಗಾಗಬೇಡ? ಪಕ್ಕದ ಕೋಣೆಯಲ್ಲಿ ಸರ್ಕಾರದ ಕಾರ್ಯದರ್ಶಿ ಬೇರೆ ಕಾಯುತ್ತಿದ್ದರು. ರೇನ್‌ಕೋಟಿಗೆ ನೀರು ಇಳಿಯದಂತೆ ಬಳಿಯುವ ಆ ರಾಸಾಯನಿಕವನ್ನು ನಿಷೇಧಿಸಬೇಕೋ ಬೇಡವೋ, ಇವತ್ತೇ ಹೇಳಬೇಕಿತ್ತು; ಬೇಡ ಎನ್ನುತ್ತಿತ್ತು ವರದಿ.

“ಇನ್ನೇನಮ್ಮ ಅನುಮಾನ?” ಎಂದರು ಅಧ್ಯಕ್ಷರು. “ಇಲಿಗಳ ಲಿವರ್ ಕೆಡಿಸುತ್ತೆ, ನಿಜ. ಆದ್ರೆ ಅದನ್ನು ಮಾಡೋ ಫ್ಯಾಕ್ಟರಿ ಕೆಲಸಗಾರರ ರಕ್ತದಲ್ಲಿ ನೂರು ಕೋಟಿಗೆ ಮೂವತ್ತೆಂಟು ಅಂಶ, ಹೊರಗಿನವರ ರಕ್ತದಲ್ಲಿ ಮೂವತ್ತಾರು. ಹೆಚ್ಚುಕಮ್ಮಿ ಒಂದೇ. ಅಂದ್ಮೇಲೆ ಫ್ಯಾಕ್ಟರಿಯಿಂದ ಏನೂ ಆಗಿಲ್ಲ ಅಂತ ತಾನೇ?”

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿದ್ದ ಲ್ಯಾಬಿನವನ ಕಡೆ ತಿರುಗಿದರು. “ಈ ಹೊರಗಿನವರು ಅಂದ್ರೆ ಯಾರಪ್ಪ?”

“ಫ್ಯಾಕ್ಟರಿ ಗಾಳಿಯೂ ಸೋಕದವರು ಮೇಡಂ. ಹೋಲಿಸಿ ನೋಡೋಕೆ ಬೇಕಲ್ಲ. ಹೆಚ್ಚಿನವರು ನಮ್ಮ ಆಫೀಸಿನವರೇ, ಅವರ ಮನೆಯವರು.”

“ಅವರ ರಕ್ತದಲ್ಲಿ ಇದು ಎಷ್ಟಿರಬೇಕಿತ್ತು?”

“ಸೊನ್ನೆ,” ಎಂದ. “ಇದು ಮೈಯಲ್ಲಿ ತಾನಾಗಿ ಹುಟ್ಟೋ ವಸ್ತು ಅಲ್ಲ.”

ಅಧ್ಯಕ್ಷರು ವರದಿಯ ಅಂಕಿಗಳ ಮೇಲೆ ಮತ್ತೆ ಕಣ್ಣು ಹಾಯಿಸಿದರು. ಅಯ್ಯೋ ದೇವರೇ, ಎರಡು ಅಂಕಿಗಳ ನಡುವಿನ ಅಂತರ ನೋಡಿದೆವು, ಅಂಕಿಗಳನ್ನೇ ನೋಡಲಿಲ್ಲವಲ್ಲ, ಹೊರಗಿನವರ ಮೈಗೂ ಇದು ಸೇರಿಬಿಟ್ಟಿದೆ! ಮೊದಲ ವರ್ಷದ ವಿದ್ಯಾರ್ಥಿ ಇಂಥ ತಪ್ಪು ಮಾಡಿದ್ದರೆ ಅವರೇ ಕ್ಲಾಸಿನಿಂದ ಎಬ್ಬಿಸಿ ಕಳಿಸುತ್ತಿದ್ದರು. ಕನ್ನಡಕ ಏರಿಸಿಕೊಂಡು, ಹೊರಗಿನವರ ಪಟ್ಟಿಯನ್ನು ಮೊದಲ ಸಲ ಸಾಲು ಸಾಲಾಗಿ ಓದಿದರು. ಹೆಸರುಗಳಿರಲಿಲ್ಲ, ನಂಬರು, ವಯಸ್ಸು, ಅಂಶ, ಅಷ್ಟೇ. ಇಪ್ಪತ್ತಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ವಯಸ್ಸು: ಒಂದು ದಿನ. ಅಂಶ: ಮೂವತ್ತೈದು.

ಆ ಪಟ್ಟಿಗೆ ಎಳೆಗೂಸಿನ ರಕ್ತ ಕೊಟ್ಟಿದ್ದು ಒಂದೇ ಮನೆ, ಅದು ಅವರದು. ವಿಜ್ಞಾನಕ್ಕೆ ನಮ್ಮ ಮನೆಯದೂ ಒಂದು ಹನಿ ಸೇರಲಿ ಎಂದು ಮಗಳನ್ನು ಒಪ್ಪಿಸಿ, ಹೆರಿಗೆ ಆಸ್ಪತ್ರೆಗೆ ಲ್ಯಾಬಿನವನನ್ನು ಕರೆದೊಯ್ದವರು ಅವರೇ. ಸೂಜಿ ಚುಚ್ಚಿದಾಗ ಮೊಮ್ಮಗಳು ಕಿರುಚಿ ಅತ್ತಿದ್ದಳು. ತಾತ ಹೆಮ್ಮೆಯಿಂದ ನಕ್ಕಿದ್ದರು.

ಆರು ಸಹಿಗಳ ಹಾಳೆಯನ್ನು ಎಳೆದುಕೊಂಡು ಹರಿದುಹಾಕಿದರು. ಯಾರೂ ತಡೆಯಲಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ಬಾಗಿಲು ತಳ್ಳಿ ಇಣುಕಿದರು. “ಆಯ್ತಾ ಸರ್? ಫ್ಯಾಕ್ಟರಿಯವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ.”

“ನಿಷೇಧಿಸಿ. ಅದೇ ನಮ್ಮ ಸಲಹೆ.”

“ಕಾರಣ ಏನಂತ ಹೇಳ್ಲಿ ಸರ್? ಅವರು ಸುಮ್ನೆ ಬಿಡೋರಲ್ಲ.”

“ಹುಟ್ಟಿ ಒಂದು ದಿನ ಆದ ಕೂಸಿನ ರಕ್ತದಲ್ಲಿ ಮೂವತ್ತೈದು ಇದೆ,” ಎಂದರು ಅಧ್ಯಕ್ಷರು. “ಅದು ಯಾವ ಪಾಳಿಯಲ್ಲಿ ದುಡಿದು ಬಂತು ಅಂತ ಅವರನ್ನೇ ಕೇಳಿ.”