ಚೀಟಿಯಲ್ಲಿ ಇಬ್ಬರು

ಹೊಳೆಯಿಂದ ತಂದ ನೀರಿನ ಕ್ಯಾನನ್ನು ಐಲಾ ಕೆಳಗಿಡುವಷ್ಟರಲ್ಲಿ ಅರಣ್ಯ ಇಲಾಖೆಯ ಟ್ರಕ್ಕು ಅವಳ ಡೇರೆಯ ಮುಂದೆ ಬಂದು ನಿಂತಿತು. ಎಂಜಿನ್ ಆರಿಸದೆಯೇ ಇಳಿದವನಿಗೆ ಅರವತ್ತರ ಹತ್ತಿರ ವಯಸ್ಸು. ಅಂಗಿಯ ಜೇಬಿನ ಮೇಲೆ ರೆಯ್ನೋ ಎಂದು ಹೆಸರಿತ್ತು.

“ಬೆಂಕಿ ದೊಡ್ಡ ರಸ್ತೆ ದಾಟಿದೆ, ಮೇಡಂ. ಗಾಳಿ ಈ ಕಡೆಗೇ ಇದೆ. ಡೇರೆ ಗೀರೆ ಎಲ್ಲ ಬಿಡಿ. ನಿಮ್ಮ ಕಾರೂ ಬೇಡ, ಮುಂದೆ ದಾರಿ ಕಾಣಲ್ಲ. ನನ್ನ ಜೊತೆ ಬನ್ನಿ.” ಮಾತಾಡುತ್ತಲೇ ಅವನು ಪೈನ್ ಮರಕ್ಕೆ ಸಿಕ್ಕಿಸಿದ್ದ ಚೀಟಿಯನ್ನು ಓದಿದ. “ಡೇಲ್, ಐಲಾ. ಇಬ್ಬರು. ಎಲ್ಲಿ ನಿಮ್ಮ ಡೇಲ್?”

“ಮೀನು ಹಿಡಿಯೋಕೆ ಹೋಗಿದಾರೆ. ಈಗ ಬಂದ್ಬಿಡ್ತಾರೆ.”

ಆ ಮಾತು ತಾನಾಗಿಯೇ ಬಂತು. ಈ ಕಾಡಿನಲ್ಲಿ ಡೇರೆ ಹಾಕಲು ಬಾಡಿಗೆಯಿಲ್ಲ. ನಲ್ಲಿಯಿಲ್ಲ, ಕಾವಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಎಷ್ಟು ಜನ ಎಂದು ಚೀಟಿ ಬರೆದು ಮರಕ್ಕೆ ಸಿಕ್ಕಿಸಿದರೆ ಹದಿನೈದು ರಾತ್ರಿ ಇರಬಹುದು. ಒಂಟಿಯಾಗಿ ಬಂದ ಹೆಂಗಸರು ಆ ಚೀಟಿಯಲ್ಲಿ ಒಬ್ಬಳು ಎಂದು ಬರೆಯುವುದಿಲ್ಲ. ಎರಡು ಕುರ್ಚಿ ಹಾಕುತ್ತಾರೆ. ಡೇರೆಯ ಬಾಗಿಲಲ್ಲಿ ಗಂಡಸಿನ ಬೂಟು ಬಿಡುತ್ತಾರೆ. ಅಪರಿಚಿತ ಗಂಡಸು ಯಾರೇ ಕೇಳಲಿ, ಮೀನಿಗೆ ಹೋಗಿದ್ದಾರೆ ಎನ್ನುತ್ತಾರೆ. ಐಲಾಳಿಗೆ ಇದನ್ನೆಲ್ಲ ಹೇಳಿಕೊಟ್ಟವಳು ಡೇಲ್‌ನ ಅಕ್ಕ. ಅವಳ ಗಂಡ ಡೇಲ್ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಅವನ ಪಾದ ಚಿಕ್ಕದು. ಅವನ ಬೂಟು ನೋಡಿ ಯಾರೂ ಹೆದರುವಂತಿರಲಿಲ್ಲ. ಹಾಗಾಗಿ ಅವಳು ಹಳೆ ಸಾಮಾನಿನ ಅಂಗಡಿಯಿಂದ ಹದಿಮೂರರ ಅಳತೆಯ ದೊಡ್ಡ ಜೋಡಿಯೊಂದನ್ನು ತಂದಿದ್ದಳು.

ರೆಯ್ನೋ ಬೂಟುಗಳತ್ತ ನೋಡಿದ. “ಅಬ್ಬಾ, ಇಂಥ ಆಳನ್ನ ಹೊತ್ಕೊಂಡು ಬರೋಕೆ ನನ್ನ ಸೊಂಟ ಒಪ್ಪಲ್ಲ. ನಡ್ಕೊಂಡೇ ಬರ್ಬೇಕು ಅವರು. ನೀವು ಈಗ ಹೊಳೆಯಿಂದಲೇ ಬಂದ್ರಲ್ಲ, ಕಾಣ್ಲಿಲ್ವಾ?”

“ಇನ್ನೂ ಕೆಳಗೆ ಹೋಗಿರ್ತಾರೆ,” ಎಂದಳು. ಅದೂ ರೂಢಿಯ ಮಾತೇ.

“ಟ್ರೌಟ್ ಮೀನು ಹಿಡಿಯೋರಿಗೆ ಕಿವಿನೇ ಇರಲ್ಲ, ನನ್ನ ಅಳಿಯನೂ ಹಿಂಗೇ. ಟ್ರಕ್ಕಲ್ಲಿ ಕೂತಿರಿ. ಐದು ನಿಮಿಷ.” ಅವನು ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಹೊಳೆಯ ದಾರಿ ಹಿಡಿದು ಓಡಿದ.

“ಸರ್, ನಿಲ್ಲಿ,” ಎಂದು ಐಲಾ ಅವನ ಹಿಂದೆ ನಾಲ್ಕು ಹೆಜ್ಜೆ ಹೋದಳು. ಎಂಜಿನ್ನಿನ ಸದ್ದಿನಲ್ಲಿ ಅದು ಅವಳಿಗೇ ಸರಿಯಾಗಿ ಕೇಳಲಿಲ್ಲ. ಇನ್ನೂ ಜೋರಾಗಿ ಕೂಗಬೇಕೆಂದು ಬಾಯಿ ತೆರೆದಾಗ ಮರಗಳ ಆಚೆಯಿಂದ ರೆಯ್ನೋನ ದನಿ ಬಂತು.

“ಡೇಲ್!”

ಅವಳು ನಿಂತುಬಿಟ್ಟಳು. ಹದಿನಾಲ್ಕು ತಿಂಗಳಿಂದ ಆ ಹೆಸರನ್ನು ಎಲ್ಲರೂ ಅವಳೆದುರು ದನಿ ತಗ್ಗಿಸಿ ಹೇಳಿದ್ದರು, ಇಲ್ಲವೇ ಹೇಳದೆ ಬಿಟ್ಟಿದ್ದರು. ಕರೆದರೆ ಬರುತ್ತಾನೆ ಎಂಬಂತೆ ಯಾರೂ ಕರೆದಿರಲಿಲ್ಲ.

“ಡೇಲ್! ಬಾರಯ್ಯ, ಮೀನು ಎಲ್ಲೂ ಹೋಗಲ್ಲ!”

ಬೂದಿಯ ಚೂರುಗಳು ಖಾಲಿ ಕುರ್ಚಿಯ ಮೇಲೆ ಬೀಳತೊಡಗಿದವು. ಜಿಂಕೆಯೊಂದು ಅವಳನ್ನು ಲೆಕ್ಕಿಸದೆ ಡೇರೆಯ ಪಕ್ಕದಲ್ಲೇ ಓಡಿಹೋಯಿತು. ಟ್ರಕ್ಕಿನೊಳಗೆ ರೇಡಿಯೋ ಒದರಿತು: “ರೆಯ್ನೋ, ಎಲ್ಲಿದೀಯ? ಹೊರಡು, ಹೊರಡು.” ಮಧ್ಯಾಹ್ನದ ಬಿಸಿಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಟ್ರಕ್ಕಿನ ಹಾರ್ನ್ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಇನ್ನೊಂದು ಸಲ ಕರೆಯಲಿ, ಎಂದುಕೊಂಡಳು. ದನಿ ಹೊಳೆಯ ಗುಂಟ ದೂರ ಸರಿಯಿತು. ಮತ್ತೆ ಕೂಗಿತು. ಕೆಮ್ಮಿತು. ಕೆಮ್ಮಿನ ನಡುವೆಯೇ ಅರ್ಧ ಹೆಸರು ಬಂತು. ಆಮೇಲೆ ಏನೂ ಕೇಳಲಿಲ್ಲ.

ಐಲಾ ಟ್ರಕ್ಕಿನೊಳಗೆ ಬಾಗಿ ಎರಡೂ ಕೈಯಿಂದ ಹಾರ್ನ್ ಒತ್ತಿದಳು. ಬಿಡಲೇ ಇಲ್ಲ.

ರೆಯ್ನೋ ಹೊಗೆಯೊಳಗಿಂದ ಹೊರಬಂದಾಗ ತಲೆಯ ಮೇಲೆ ಟೋಪಿ ಇರಲಿಲ್ಲ. ಒಂದು ಹುಬ್ಬು ಸುಟ್ಟಿತ್ತು. ಮೊಣಕಾಲಿನವರೆಗೆ ಕೆಸರು. “ಬಂದ್ರಾ?” ಎಂದ. ಹಿಂದಿನ ಸೀಟು ನೋಡಿದ, ಟ್ರಕ್ಕಿನ ಹಿಂಭಾಗ ನೋಡಿದ. “ಎಲ್ಲಿ?”

“ಇಲ್ಲ. ನಾನೊಬ್ಬಳೇ ಬಂದಿದ್ದು. ಅವರು ಹೋದ ವರ್ಷವೇ ತೀರ್ಕೊಂಡ್ರು.”

ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿ, ಅವಳನ್ನು ಒಳಗೆ ತಳ್ಳಿದಂತೆ ಹತ್ತಿಸಿ, ಟ್ರಕ್ ಹೊರಡಿಸಿದ. ದಾರಿಯ ಎಡಗಡೆ ಮರಗಳ ಬುಡದಲ್ಲಿ ಬೆಂಕಿ ಓಡುತ್ತಿತ್ತು. ಗಾಜು ಮುಟ್ಟಿದರೆ ಸುಡುತ್ತಿತ್ತು. ಡಾಂಬರು ರಸ್ತೆ ಸಿಕ್ಕಿ, ಹೊಗೆ ಹಿಂದಾಗುವವರೆಗೆ ಅವನು ವೇಗ ತಗ್ಗಿಸಲಿಲ್ಲ. ಅಲ್ಲಿ ಅವನು ಟ್ರಕ್ ನಿಲ್ಲಿಸಿ, ಬಾಗಿಲು ತೆರೆದು ಕಪ್ಪಗೆ ಉಗುಳಿದ.

“ಚೀಟೀಲಿ ಇಬ್ಬರು ಅಂತ ಬರೆದಿದ್ದು ಸರಿ. ನನ್ನ ಮಗಳಿಗೂ ನಾನೇ ಹೇಳಿಕೊಟ್ಟಿದೀನಿ. ಬಾಯಿಗೆ ಬಂದಿದ್ದು ಹೇಳಿದ್ರಿ, ಅದೂ ಹೋಗ್ಲಿ.” ಅವನು ಅವಳ ಕಡೆ ತಿರುಗಿದ. “ಆದ್ರೆ ನಾನು ಆ ಹೊಗೇಲಿ ಕೂಗ್ತಾನೇ ಇದ್ದೆನಲ್ಲ, ಮೇಡಂ. ಹಾರ್ನ್ ಇಲ್ಲೇ ಇತ್ತು. ಎಷ್ಟು ಸಲ ಕೂಗಿದೆ ಗೊತ್ತಾ ನಿಮಗೆ?”

“ಹನ್ನೊಂದು ಸಲ,” ಎಂದಳು ಐಲಾ.