ನೆಗಡಿಯ ಹೆಪ್ಪು

ಊರಿನಲ್ಲಿ ನೆಗಡಿ ನಿಂತುಹೋಗಿ ವರ್ಷಗಳಾಗಿದ್ದವು. ಆದರೂ ಒಮ್ಮೆಯೂ ನೆಗಡಿ ಬಂದುಹೋಗದ ಮಗುವನ್ನು ಯಾವ ಶಾಲೆಯೂ ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಸುಧಾಮಣಿಯ ಮಗಳು ಧೃತಿ ಬೆಳಿಗ್ಗೆ ಸೀನಿದ್ದೇ ತಡ, ಬೀದಿಯ ತಾಯಂದಿರೆಲ್ಲ ಮಕ್ಕಳನ್ನು ಎತ್ತಿಕೊಂಡು ಹೆಪ್ಪು ಕೇಳಲು ಬಂದರು. ಮೊಸರಿಗೆ ಕೇಳುವಂತೆಯೇ ನೆಗಡಿಗೂ ಕೇಳುವುದು ರೂಢಿ.

ಧೃತಿಯ ಮೂಗು ಕಟ್ಟಿತ್ತು, ಮೈ ಸುಡುತ್ತಿತ್ತು. ಅವಳನ್ನು ಮಲಗಲು ಬಿಡದೆ, ಒಬ್ಬೊಬ್ಬರೂ ತಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿ, "ಇನ್ನೊಂದ್ಸಲ ಸೀನು ಪುಟ್ಟಿ" ಎನ್ನುತ್ತಿದ್ದರು. ಸುಧಾಮಣಿ ಔಷಧಿಯ ಬಾಟಲಿ ತೆಗೆದಳು. ಒಂದು ಚಮಚ ಕುಡಿಸಿದರೆ ನೆಗಡಿ ಅಲ್ಲಿಗೇ ಮುಗಿಯುತ್ತಿತ್ತು.

"ಅಯ್ಯೋ, ಈಗ್ಲೇ ಕುಡಿಸ್ಬೇಡ್ರೀ! ನಮ್ ಚಿಂಟುಗೆ ಇನ್ನೂ ಹತ್ತಿಲ್ಲ," ಎಂದಳು ಎದುರುಮನೆಯ ಪುಷ್ಪಲತಾ. "ಮನೆಗೆ ಬಂದೋರನ್ನ ಯಾರಾದ್ರೂ ಬರಿಗೈಲಿ ಕಳಿಸ್ತಾರಾ?"

ಸುಧಾಮಣಿಯ ಕೈ ತಡೆಯಿತು. ನಾಳೆಯೂ ಇದೇ ಬೀದಿಯಲ್ಲಿ ಬಾಳಬೇಕಲ್ಲ. ಮಗಳು ಬಾಯಲ್ಲಿ ಉಸಿರಾಡುತ್ತ ಅವಳ ಸೆರಗು ಹಿಡಿದಿದ್ದಳು.

ಅಷ್ಟರಲ್ಲಿ ಅತ್ತೆ ಸರ್ವಮಂಗಳಮ್ಮ ಎದ್ದು, ಕಿಟಕಿಗಳ ಪರದೆ ಎಳೆದು, ದೇವರ ಮುಂದೆ ದೀಪ ಹಚ್ಚಿ ಕೈಮುಗಿದರು.

"ಮಧ್ಯಾಹ್ನ ಮೂರು ಗಂಟೆಗೇ ದೀಪಾನಾ ಅಮ್ಮ?" ಎಂದಳು ಪುಷ್ಪಲತಾ.

"ಗಂಟೆ ಎಷ್ಟಾದ್ರೇನು, ಹಚ್ಚಿ ಆಯ್ತಲ್ಲ. ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡೋ ಪದ್ಧತಿ ನಿಮ್ಮನೇಲಿ ಇದ್ಯೇನಮ್ಮ?"

ಇರಲಿಲ್ಲ. ಯಾರ ಮನೆಯಲ್ಲೂ ಇರಲಿಲ್ಲ.

"ಹಾಗಾದ್ರೆ ಬೆಳಿಗ್ಗೆ ಬೇಗ ಬರ್ತೀವಿ," ಎನ್ನುತ್ತ ಎಲ್ಲರೂ ಮಕ್ಕಳೊಂದಿಗೆ ಉರಿಬಿಸಿಲಿಗೆ ಇಳಿದರು.

ಅತ್ತೆ ಬಾಗಿಲು ಹಾಕಿದರು. "ಸುಧಾ, ಚಮಚ ತಗೊಂಬಾ. ಬೆಳಗಾಗೋದ್ರೊಳಗೆ ಮಗು ಮೂಗಲ್ಲಿ ಉಸಿರಾಡ್ಲಿ."